ಕತ್ತರಿ ಇಟ್ಟ ಸದ್ದು

ಜನವರಿ 7, ಭಾನುವಾರ

...‘ಬಂದರೂ ಬರಬಹುದು’ ಎಂದರೋ, ‘ಬರದೆಯೂ ಇರಬಹುದು’ ಎಂದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಡಾಕ್ಟರು ಕೈ ತೊಳೆಯುತ್ತಾ, ನನಗೆ ಬೆನ್ನು ಮಾಡಿಕೊಂಡು ಅಕ್ಕನ ದನಿಯ ಬಗ್ಗೆ ಹೇಳಿದ ಮಾತು. ಎರಡರ ಅರ್ಥವೂ ಒಂದೇ ಎಂದು ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕನಿಗೆ ಹೇಳುವಾಗ ಮಾತ್ರ ಎರಡೂ ಬಾಯಿಗೆ ಬರಲಿಲ್ಲ. ‘ಬರುತ್ತಂತೆ’ ಎಂದುಬಿಟ್ಟೆ.

ಕುತ್ತಿಗೆಯ ಗಡ್ಡೆ ತೆಗೆಯುವಾಗ ದನಿಯ ನರಕ್ಕೆ ಪೆಟ್ಟಾಗಿದೆ. ಗಂಟಲಿನ ಎರಡು ತಂತುಗಳಲ್ಲಿ ಒಂದು ಅಲ್ಲಾಡುತ್ತಿಲ್ಲ. ಅಕ್ಕ ಬಾಯಿ ತೆರೆದರೆ ಗಾಳಿಯೇ ಹೆಚ್ಚು, ದನಿ ಕಡಿಮೆ. ಅಭ್ಯಾಸ ಮಾಡಿಸುವ ಹುಡುಗಿ ತೋರಿಸಿಕೊಟ್ಟಿದ್ದಾಳೆ: ಅಂಗೈಗೆ ಅಂಗೈ ಕೊಟ್ಟು ಬಲವಾಗಿ ಒತ್ತುತ್ತಾ ಉಸಿರು ಮುಗಿಯುವವರೆಗೆ ‘ಆ’ ಎನ್ನಬೇಕು. ದಿನಾ. ಫೋನಿನಲ್ಲಿ ರೆಕಾರ್ಡ್ ಮಾಡಿ ತಿಂಗಳ ಕೊನೆಗೆ ತಂದು ಕೇಳಿಸಬೇಕು. ‘ಈಗ ಬಿಟ್ರೆ ಆಮೇಲೆ ಕಷ್ಟ ಸರ್. ಪಿಸುಗುಟ್ಟೋಕೂ ಬಿಡಬೇಡಿ, ಅದು ಇನ್ನೂ ಕೆಟ್ಟದ್ದು.’

ಹಾಗಾಗಿ ಅಕ್ಕ ಲೋಟಕ್ಕೆ ಚಮಚ ಬಡಿದು ನನ್ನನ್ನು ಕರೆಯುತ್ತಾಳೆ. ಒಂದೇಟು ಬಡಿದರೆ ಬಾ, ಎರಡೇಟು ಬಡಿದರೆ ಹೋಗು. ಇವತ್ತೆಲ್ಲ ಎರಡೇಟುಗಳೇ.

ಸಂಜೆ ಅಕ್ಕನ ಗುಂಪಿಗೆ ಅವಳ ಹಾಡೊಂದನ್ನು ಹಾಕಿದೆ. ಮಳೆಗಾಲಕ್ಕೂ ಮುಂಚಿನದು. ಅವಳದೇ ಅಪ್ಪಣೆ: ಆಪರೇಷನ್ ವಿಷಯ ಅಲ್ಲಿ ಯಾರಿಗೂ ಗೊತ್ತಾಗಕೂಡದು, ಭಾನುವಾರ ತಪ್ಪಕೂಡದು. ಫೋನಿನಲ್ಲಿರುವ ಗುಂಪು ಅದು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಕೊಳಲು ಊದುವ ಬೇಕರಿಯಾಕೆ, ಪಿಟೀಲಿನ ನಿವೃತ್ತ ಭೂಗೋಳದ ಮೇಷ್ಟ್ರು, ನಿಲ್ಲಿಸಿದ ಲಾರಿಯೊಳಗೆ ಕೂತು ಮೌತ್ ಆರ್ಗನ್ ನುಡಿಸುವವನೊಬ್ಬ, ಇನ್ನೂ ಏಳೆಂಟು ಜನ. ಯಾರೂ ವಿದ್ವಾಂಸರಲ್ಲ, ಆಗುವ ಆಸೆಯೂ ಕಾಣುವುದಿಲ್ಲ. ಒಂದೇ ಕಟ್ಟಳೆ, ಬೇಕರಿಯಾಕೆ ಮಾಡಿದ್ದು: ನಿಮ್ಮದನ್ನು ಹಾಕುವ ಮೊದಲು ಇನ್ನೊಬ್ಬರದಕ್ಕೆ ಒಂದು ಒಳ್ಳೆಯ ಮಾತು ಹೇಳಬೇಕು. ನಾನು ಮೇಷ್ಟ್ರ ಪಿಟೀಲಿಗೆ ‘ಬಹಳ ಹಿತವಾಗಿತ್ತು’ ಎಂದು ಅಕ್ಕನ ಹೆಸರಿನಲ್ಲಿ ಬರೆದೆ. ಕೇಳಿರಲಿಲ್ಲ.

ಜನವರಿ 9, ಮಂಗಳವಾರ

ನನ್ನ ಕೆಲಸ ಜನರ ಕಿವಿ ಪರೀಕ್ಷಿಸುವುದು. ಗಾಜಿನ ಗೂಡಿನೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತೇನೆ. ಸದ್ದು ಕೇಳಿಸಿದಾಗ ಒತ್ತಬೇಕು. ಇವತ್ತು ಬಂದ ಮುದುಕರೊಬ್ಬರು ನಾನು ಸದ್ದೇ ಬಿಡದಿದ್ದಾಗಲೂ ಒತ್ತುತ್ತಲೇ ಇದ್ದರು. ಇದು ಹೊಸದಲ್ಲ. ಸುಳ್ಳು ಹೇಳುತ್ತಾರೆಂದಲ್ಲ. ಗಾಜಿನ ಆಚೆ ಒಬ್ಬ ಮನುಷ್ಯ ಕಾಯುತ್ತಿದ್ದಾನೆ, ಅವನನ್ನು ನಿರಾಸೆ ಮಾಡುವುದು ಬೇಡ ಎಂಬ ಸೌಜನ್ಯ.

‘ಎಷ್ಟು ಚೆನ್ನಾಗಿ ಕೇಳಿಸ್ತು ನೋಡಿ’ ಎಂದು ಹೊರಬಂದು ಮಗಳಿಗೆ ಹೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಕಾಗದ ನೋಡಿದೆ.

ಜನವರಿ 14, ಭಾನುವಾರ

ಎರಡನೆಯ ಹಳೆಯ ಹಾಡು ಹಾಕಿದ್ದಾಯಿತು. ಬೇಕರಿಯಾಕೆ: ‘ಅಕ್ಕಾ, ದನಿ ದಿನದಿಂದ ದಿನಕ್ಕೆ ಮಾಗ್ತಾ ಇದೆ!’ ಮೇಷ್ಟ್ರು: ‘ಈ ವಯಸ್ಸಿನಲ್ಲಿ ಈ ಏರುದನಿ! ನನಗೆ ಹೊಟ್ಟೆಕಿಚ್ಚು.’ ಕೆಂಪು ಹೃದಯಗಳು ಸಾಲುಗಟ್ಟಿದವು.

ಅಕ್ಕ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಓದಿದಳು. ಹೊಲಿಗೆ ಅವಳ ಕಸುಬು. ಗಿರಾಕಿಗಳ ಜೊತೆ ಮಾತಾಡಲಾಗದೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ ಕೆಲವು ವಾರಗಳಾದವು. ಓದುತ್ತಾ ಅವಳ ಮುಖ ಊಟ ಮಾಡಿದವರ ಮುಖದ ಹಾಗಾಯಿತು.

‘ಈಗ ‘ಆ’ ಮಾಡೋಣವೇನೇ’ ಎಂದೆ.

ಅವಳು ಫೋನನ್ನು ಎತ್ತಿ ತೋರಿಸಿದಳು. ನಂತರ ಆ ಗಾಳಿಮಾತಿನಲ್ಲೇ, ‘ಹಾಡ್ತಾ ಇದೀನಲ್ಲ. ಇನ್ನೇನು ಬೇಕು ನಿಂಗೆ?’

‘ಪಿಸುಗುಟ್ಟಬೇಡ.’

ಲೋಟಕ್ಕೆ ಎರಡೇಟು.

ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಅವಳು ಒಂದು ದಿನವೂ ಅಭ್ಯಾಸ ಮಾಡಿಲ್ಲ. ‘ಬರುತ್ತಂತೆ’ ಎಂದ ನನ್ನ ಮಾತು ಒಂದು ಕಡೆ, ಈ ಹೃದಯಗಳು ಇನ್ನೊಂದು ಕಡೆ. ನಡುವೆ ಅವಳು ದಿಂಬಿಗೆ ಒರಗಿಕೊಂಡ ಹಾಗೆ ಹಾಯಾಗಿ ಕೂತಿದ್ದಾಳೆ. ಆ ಗುಂಪಿನವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಅವರ ಬಗ್ಗೆ ಯೋಚಿಸುವುದೇ ಇಲ್ಲ.

ಜನವರಿ 17, ಬುಧವಾರ

ಬಸ್ಸಿನಲ್ಲಿ ನಿಂತೇ ಬಂದೆ. ಕಾಲು ನನ್ನದಲ್ಲ ಅನ್ನಿಸುತ್ತದೆ.

ನಾನು ಮೊಂಡು ಹಿಡಿದೆ. ಮಾಡದಿದ್ದರೆ ಭಾನುವಾರ ಹಾಡು ಹಾಕುವುದಿಲ್ಲ ಎಂದೆ. ಅಕ್ಕ ಕಣ್ಣು ಕೆಕ್ಕರಿಸಿ ಕೈ ಮುಂದೆ ಚಾಚಿದಳು. ಅವಳೊಬ್ಬಳೇ ಒತ್ತಿಕೊಳ್ಳಲು ಬಲ ಸಾಲದು ಎಂದು ಅವಳ ಅಂಗೈಗೆ ನನ್ನ ಅಂಗೈ ಕೊಟ್ಟೆ. ಸೂಜಿ ಹಿಡಿದು ಒರಟಾದ ಬೆರಳ ತುದಿಗಳು. ಚಿಕ್ಕಂದಿನ ನಂತರ ನಾವು ಹೀಗೆ ಕೈ ಹಿಡಿದದ್ದಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾ ಒತ್ತಿದೆವು.

ಬಂದದ್ದು ಬಿಗಿಯಾದ ಮರದ ಡ್ರಾಯರ್ ಎಳೆದಂಥ ಸದ್ದು. ನಡುವೆ ತುಂಡಾಯಿತು. ನಾನು ‘ಇನ್ನೊಂದ್ಸಲ’ ಎಂದೆ. ಇನ್ನೊಮ್ಮೆ ಅದೇ. ರೆಕಾರ್ಡ್ ಆಯಿತು. ಅವಳು ಮುಖ ತೊಳೆಯಲು ಹೋದಳು. ತುಂಬಾ ಹೊತ್ತು ನಲ್ಲಿ ಹರಿಯುತ್ತಲೇ ಇತ್ತು.

ಜನವರಿ 21, ಭಾನುವಾರ

ಆಗಬಾರದ್ದು ಆಗಿಹೋಯಿತು, ಅದೂ ನನ್ನ ಕೈಯಿಂದ.

ಮಧ್ಯಾಹ್ನ ಒಲೆಯ ಮೇಲೆ ಅಕ್ಕನಿಗಾಗಿ ತರಕಾರಿ ಬೇಯುತ್ತಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಅವಳ ಫೋನು. ಮೂರನೆಯ ಹಳೆಯ ಹಾಡನ್ನು ಹುಡುಕಿ ಹಾಕಿದೆ ಎಂದುಕೊಂಡೆ. ಹಾಕಿದ್ದು ಬುಧವಾರದ ‘ಆ’.

ಗೊತ್ತಾದದ್ದು ಸಂಜೆ, ಲೋಟದ ಒಂದೇ ಒಂದು ಏಟು ಕೇಳಿ ಅವಳ ಕೋಣೆಗೆ ಹೋದಾಗ. ಅಕ್ಕ ಫೋನನ್ನು ನನ್ನ ಕಡೆ ತಿರುಗಿಸಿ ಒತ್ತಿದಳು. ಡ್ರಾಯರ್ ಎಳೆದ ಸದ್ದು. ತುಂಡಾದದ್ದು. ನನ್ನ ‘ಇನ್ನೊಂದ್ಸಲ’. ಮತ್ತೆ ಡ್ರಾಯರ್.

ಕೆಳಗೆ ಬೇಕರಿಯಾಕೆ: ‘ಅಬ್ಬಾ! ಕಣ್ಣಲ್ಲಿ ನೀರು ಬಂತು ಅಕ್ಕಾ.’ ಮೇಷ್ಟ್ರು: ‘ಮೂರು ಸಲ ಕೇಳಿದೆ. ಆ ಮೇಲಿನ ಸ್ವರ ಎಷ್ಟು ಸಲೀಸು!’ ಇನ್ನೊಬ್ಬರು: ‘ಭಾವ ತುಂಬಿ ಹಾಡಿದ್ದೀರಿ.’ ಹೃದಯಗಳು ಎಂದಿನಷ್ಟೇ.

ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ‘ತಪ್ಪಾಯ್ತು ಕಣೇ. ತೆಗೆದುಬಿಡ್ತೀನಿ.’

ಅವಳು ಬೈಯಲಿಲ್ಲ. ಒಂದೊಂದೇ ಪದಕ್ಕೆ ಉಸಿರು ಕೂಡಿಸಿಕೊಂಡು ಹೇಳಿದಳು: ‘ಯಾರೂ ಕೇಳೇ ಇಲ್ಲ ಕಣೋ.’

‘ಇವತ್ತೊಂದಿನ ಏನೋ ಅವಸರದಲ್ಲಿ...’

‘ಇವತ್ತಲ್ಲ. ಮೊದಲಿಂದಾನೂ.’

ಫೋನನ್ನು ಬೋರಲು ಹಾಕಿ ಗೋಡೆಯ ಕಡೆ ತಿರುಗಿದಳು. ನಾನು ಅಡಿಗೆಮನೆಗೆ ಬಂದೆ. ರಾತ್ರಿಗೆಂದು ಬಿಸಿಗಿಟ್ಟಿದ್ದ ತರಕಾರಿ ತಳ ಹಿಡಿದಿತ್ತು.

ಜನವರಿ 22, ಸೋಮವಾರ

ಅಭ್ಯಾಸ ಇಲ್ಲ. ಊಟ ಅರ್ಧ. ಗಿರಾಕಿಗಳ ಹೊಲಿಯದ ಬಟ್ಟೆಗಳನ್ನೆಲ್ಲ ಮಡಿಸಿ ಬಾಗಿಲ ಬಳಿ ಇಟ್ಟಿದ್ದಾಳೆ, ವಾಪಸು ಕೊಟ್ಟು ಬರಬೇಕಂತೆ. ದೊಡ್ಡ ಕತ್ತರಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಗೆ ಹಾಕಿದ್ದಾಳೆ. ಅದು ಅಲ್ಲಿಗೆ ಹೋದದ್ದು ನಾನು ಕಂಡ ಹಾಗೆ ಇದೇ ಮೊದಲು.

ಲೋಟವೂ ಸುಮ್ಮನಿದೆ.

ಜನವರಿ 24, ಬುಧವಾರ

ಊಟದ ಬಿಡುವಿನಲ್ಲಿ ಅಕ್ಕನ ಫೋನು ತೆರೆದೆ. ಅವಳು ಅದನ್ನು ನನ್ನ ಚೀಲಕ್ಕೆ ತುರುಕಿಬಿಟ್ಟಿದ್ದಳು, ಮನೆಯಲ್ಲಿ ಇರುವುದೇ ಬೇಡ ಎಂದು. ಗುಂಪಿನಲ್ಲಿ ಲಾರಿಯವನು ಏನೋ ಹಾಕಿದ್ದ. ಭಾನುವಾರವಲ್ಲ. ಮೊದಲು ಯಾರನ್ನೂ ಹೊಗಳಿಯೂ ಇಲ್ಲ. ಬೇಕರಿಯಾಕೆ ಆಗಲೇ ತಮಾಷೆಗೆ ತಡೆದಿದ್ದಳು: ‘ಲಾರಿಯವರೇ, ಗೇಟ್ ತೆಗೆಯೋಕೆ ಮುಂಚೆ ನುಗ್ಗಿಬಿಟ್ರಲ್ಲ! ಕಟ್ಟಳೆ ಏನಾಯ್ತು?’

ಗಾಜಿನ ಗೂಡು ಖಾಲಿ ಇತ್ತು. ಒಳಗೆ ಹೋಗಿ, ಬಾಗಿಲು ಎಳೆದುಕೊಂಡು, ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತೆ. ಇಷ್ಟು ವರ್ಷದಲ್ಲಿ ಈ ಕಡೆ ಕೂತದ್ದಿಲ್ಲ. ಫೋನಿಗೆ ಒಳ್ಳೆಯ ಹೆಡ್‌ಫೋನ್ ಸಿಕ್ಕಿಸಿದೆ.

ಮೊದಲು ಅಕ್ಕನ ‘ಆ’. ಅದರ ಕೆಳಗೆ, ಎಲ್ಲಿಂದಲೋ ನಡೆದು ಬಂದು ಜೊತೆಯಾದವರ ಹಾಗೆ, ಮೌತ್ ಆರ್ಗನ್. ಒಂದೇ ಸ್ವರ. ಅವಳ ದನಿ ಜಾರಿದಾಗ ಅದೂ ಜಾರಿತು. ತಿದ್ದಲು ಹೋಗಲಿಲ್ಲ. ದನಿ ತುಂಡಾದಲ್ಲಿ ಅದೂ ನಿಂತು ಕಾಯಿತು. ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ನನ್ನ ‘ಇನ್ನೊಂದ್ಸಲ’. ನನ್ನ ದನಿ ಇಷ್ಟು ಗಡಸು ಎಂದು ನನಗೆ ಗೊತ್ತಿರಲಿಲ್ಲ. ಮತ್ತೆ ‘ಆ’, ಮತ್ತೆ ಕೆಳಗಿನಿಂದ ಆ ಸ್ವರ, ಅವಳ ಉಸಿರು ಮುಗಿದ ಮೇಲೂ ಸ್ವಲ್ಪ ದೂರ ಅದೊಂದೇ ನಡೆದು ನಿಂತಿತು.

ಗೂಡಿನ ಹೊರಗೆ ರಿಸೆಪ್ಷನ್ನಿನವಳು ಗಾಜು ತಟ್ಟಿದಳು. ‘ಸರ್, ಮುಂದಿನೋರು ಕಾಯ್ತಿದಾರೆ. ನಿಮ್ಮ ಕಿವೀನೇ ಪರೀಕ್ಷೆ ಮಾಡ್ಕೋತಿದೀರಾ?’

ಹೌದು ಎಂದೆ.

ಜನವರಿ 25, ಗುರುವಾರ

ಅಕ್ಕನಿಗೆ ಕೇಳಿಸಿದೆ. ಬೇಡ ಎಂದು ಕೈ ಆಡಿಸಿದಳು. ಫೋನನ್ನು ಅವಳ ದಿಂಬಿನ ಬಳಿ ಇಟ್ಟು ಬಾಗಿಲಲ್ಲಿ ನಿಂತೆ. ಮುಗಿದ ಮೇಲೆ ಎದ್ದು ಕೂತಳು. ಕೊನೆಗೆ:

‘ಶ್ರುತಿ ಸರಿ ಇಲ್ಲ.’

‘ಅವನದಾ?’

‘ಥೂ, ನಂದು.’ ನಂತರ ಚಮಚದಿಂದ ಫೋನನ್ನು ತೋರಿಸಿ, ‘ಮಾತಾಡು. ಅವನ ಹತ್ರ.’

ಅವಳ ಫೋನಿನಿಂದಲೇ ಅವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಆಚೆ ಕಡೆ ಭಾರದ್ದೇನೋ ನೆಲಕ್ಕೆ ಬಿದ್ದ ಸದ್ದು, ಕೂಗಾಟ. ‘ಹೇಳಿ ಅಕ್ಕಾ! ಒಂದ್ನಿಮಿಷ, ಲೋಡ್ ಇಳಿಸ್ತಾ ಇದಾರೆ, ಕಿಟಕಿ ಏರಿಸ್ಕೋತೀನಿ.’ ಗದ್ದಲ ಒಮ್ಮೆಲೇ ಅಡಗಿತು. ‘ಹ್ಞಾಂ, ಈಗ ಹೇಳಿ.’

ಅಕ್ಕನ ತಮ್ಮ ಎಂದೆ. ಅದು ಅವಳ ದಿನದ ಅಭ್ಯಾಸ, ತಪ್ಪಿ ಹಾಕಿದ್ದು ಎಂದೆ.

‘ಗೊತ್ತಾಯ್ತು ಬಿಡಿ. ಕತ್ತರಿ ಸದ್ದು ಇರ್ಲಿಲ್ಲ.’

‘ಯಾವ ಕತ್ತರಿ?’

‘ಅಕ್ಕಾವ್ರು ಹಾಡೋಕೆ ಮುಂಚೆ ಕತ್ತರಿ ಕೆಳಗಿಡ್ತಾರಲ್ಲ, ಮೇಜಿನ ಮೇಲೆ, ಠಣ್ ಅಂತ. ಪ್ರತೀ ಹಾಡಿಗೂ ಇರತ್ತೆ. ನೀವು ಮನೇಲಿದ್ದೂ ಕೇಳಿಸ್ಕೊಂಡಿಲ್ವಾ?’

ಅಕ್ಕ ನನ್ನ ಕಡೆ ನೋಡಿದಳು. ಕಿವಿ ಪರೀಕ್ಷಿಸುವವನು ನಾನು.

‘ಅದರ ಹಿಂದಿನ ಎರಡು?’ ಎಂದೆ.

‘ಅವು ಹಳೇವು. ಹಿಂದೆ ಫ್ಯಾನ್ ತಿರುಗ್ತಿತ್ತು. ಈ ಚಳೀಲಿ ಯಾರಣ್ಣಾ ಫ್ಯಾನ್ ಹಾಕ್ತಾರೆ?’

‘ಗೊತ್ತಿದ್ದೂ ಯಾಕೆ ಹೇಳಲಿಲ್ಲ ನೀವು?’

‘ಹೇಳೋದೇನು? ಹಾಡು ಚೆನ್ನಾಗೇ ಇತ್ತಲ್ಲ. ಮನೇಲಿ ಏನೋ ಆಗಿದೆ, ಅವ್ರೇ ಹೇಳ್ಲಿ ಅಂತ ಸುಮ್ನಾದೆ. ಮೊನ್ನೇದು ಕೇಳಿದ್ಮೇಲೆ ಸುಮ್ನಿರೋಕೆ ಆಗ್ಲಿಲ್ಲ. ಗಾಡಿ ಸ್ಟಾರ್ಟ್ ಆಗ್ದೇ ಇದ್ರೆ ಇಳಿದು ಹಿಂದಿಂದ ತಳ್ತೀವಲ್ಲ, ಹಾಗೆ. ನಾನೇನು ದೊಡ್ಡ ವಾದಕನಾ? ತಳ್ಳೋದು ಬರತ್ತೆ ಅಷ್ಟೇ.’

ಅಕ್ಕ ಫೋನಿನ ಹತ್ತಿರ ಬಾಗಿದಳು. ಬಾಯಿ ತೆರೆದಳು, ಗಾಳಿ ಬಂತು, ಮುಚ್ಚಿದಳು. ಅವನು ಕಾದ. ಬೇರೆಯವರಾಗಿದ್ದರೆ ‘ಹಲೋ, ಹಲೋ’ ಎನ್ನುತ್ತಿದ್ದರು.

ಆಮೇಲೆ ಅವನೇ ಹೇಳಿದ: ‘ದಿನಾ ಮಾಡೋದನ್ನ ನಂಗೆ ಕಳಿಸಿ ಅಕ್ಕಾ. ಎಲ್ಲಿ ನಿಲ್ಲಿಸ್ತೀನೋ ಅಲ್ಲಿ ಊದಿ ವಾಪಸ್ ಕಳಿಸ್ತೀನಿ. ಗುಂಪಿಗೆ ಬೇಡ.’

ಫೋನಿಟ್ಟ ಮೇಲೆ ಅಕ್ಕ ಸ್ಟೂಲು ಎಳೆದು ಕಪಾಟಿನ ಮೇಲಿನ ಅರೆ ತೋರಿಸಿದಳು. ಹತ್ತಿ ಕತ್ತರಿ ತೆಗೆದುಕೊಟ್ಟೆ.

ಜನವರಿ 28, ಭಾನುವಾರ

ಈಗ ಹೀಗಿದೆ ನಡೆ. ನಾನು ಕೆಲಸದಿಂದ ಬಂದು ಕಾಲು ತೊಳೆಯುವುದರೊಳಗೆ ಲೋಟಕ್ಕೆ ಒಂದೇಟು. ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಇಡುತ್ತಾಳೆ. ಅಂಗೈಗೆ ಅಂಗೈ. ‘ಆ’. ನಾನು ‘ಇನ್ನೊಂದ್ಸಲ’ ಎನ್ನುವುದನ್ನು ಬಿಟ್ಟಿದ್ದೇನೆ. ಅವಳೇ ಬೆರಳಿನಿಂದ ತೋರಿಸುತ್ತಾಳೆ. ಮರುದಿನ ಬೆಳಿಗ್ಗೆ ಅವನದು ಬಂದಿರುತ್ತದೆ. ಒಮ್ಮೆ ಹಿಂದೆ ಕೋಳಿ ಕೂಗಿತ್ತು. ಒಮ್ಮೆ ಯಾರೋ ಲಾರಿಯ ಬಾಗಿಲು ಬಡಿದು ‘ಮುಂದೆ ತೆಗಿಯೋ, ಇದೇನು ನಿಮ್ಮಪ್ಪನ ಮನೇನಾ’ ಎಂದು ಬೈಯುತ್ತಿದ್ದರು. ಅವನು ಸ್ವರ ಮುಗಿಸಿಯೇ ಗಾಡಿ ತೆಗೆದಿರಬೇಕು. ಆ ಬೈಗುಳವನ್ನು ಅಕ್ಕ ನಾಲ್ಕು ಸಲ ಕೇಳಿ ಭುಜ ಕುಣಿಸಿ ನಕ್ಕಳು.

ಗುಂಪಿಗೆ ಇವತ್ತು ಏನೂ ಹಾಕಲಿಲ್ಲ, ಅವಳೇ ಬೇಡ ಎಂದಳು. ಮನೆಗೆಲಸ ಹಾಗೇ ಬಿದ್ದಿದೆ. ನನ್ನ ಅಂಗಿಗಳೆಲ್ಲ ಮುದುಡಿವೆ.

ಜನವರಿ 30, ಮಂಗಳವಾರ

ಆಸ್ಪತ್ರೆ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ನಿಂತ ತಂತು ನಿಂತೇ ಇದೆ. ಆದರೆ ಇನ್ನೊಂದು ತನ್ನ ಗಡಿ ದಾಟಿ ಅದರ ಹತ್ತಿರಕ್ಕೆ ಸರಿಯಲು ಕಲಿಯುತ್ತಿದೆಯಂತೆ.

‘ಮಾತಿಗೆ ಸಾಕಾಗೋಷ್ಟು ದನಿ ಬರತ್ತೆ ಅನ್ನಿಸ್ತಿದೆ’ ಎಂದಳು ಅಭ್ಯಾಸ ಮಾಡಿಸುವ ಹುಡುಗಿ.

‘ಹಾಡು?’ ಕೇಳಿದ್ದು ಅಕ್ಕ.

ಹುಡುಗಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಗಂಟಲಿನ ಚಿತ್ರ ನೋಡಿದೆ.

‘ಹಾಡಿನ ಬಗ್ಗೆ ನಾನು ಮಾತು ಕೊಡಲ್ಲಮ್ಮ’ ಎಂದಳು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ನಮ್ಮ ನಿಲ್ದಾಣ ಹತ್ತಿರವಾದಾಗ, ‘ಬರುತ್ತಂತೆ ಅಂದಿದ್ದೆಯಲ್ಲ’ ಎಂದಳು. ಕಂಡಕ್ಟರನಿಗೂ ಕೇಳಿಸಿರಬೇಕು. ಅಷ್ಟು ದನಿ ಇತ್ತು. ನಾನು ಚೀಲ ಎತ್ತಿಕೊಂಡೆ.

ಫೆಬ್ರವರಿ 4, ಭಾನುವಾರ

ಮೇಷ್ಟ್ರ ಪಿಟೀಲು ಬಂದಿತ್ತು. ಪಾತ್ರೆ ತೊಳೆಯುವ ಮುನ್ನ ಕೂತು ಕೇಳಿದೆ. ಶ್ರುತಿ ತನ್ನ ಪಾಡಿಗೆ ತಾನು. ಆದರೆ ಮೊದಲ ಸಾಲು ಎರಡನೆಯ ಸಲ ಬಂದಾಗ ಕಮಾನು ಒಂದು ಕಡೆ ನಡುಗಿತು. ಹಿಂದಿನ ವಾರದ್ದರಲ್ಲಿಯೂ ಅಲ್ಲೇ ನಡುಗಿತ್ತು. ಇದೇನು, ಹಿಂದಿನ ವಾರದ್ದನ್ನೂ ಹುಡುಕಿ ಕೇಳಿದ್ದೇನೆ! ‘ಬಲಭುಜ ನೋಯುತ್ತಿದೆಯೇ?’ ಎಂದು ಬರೆದೆ.

ಬೇಕರಿಯಾಕೆ: ‘ಇದು ಒಳ್ಳೇ ಮಾತೋ ಕೆಟ್ಟ ಮಾತೋ, ಅಕ್ಕಾ?’

ಮೇಷ್ಟ್ರು: ‘ನೋಯುತ್ತಿದೆ. ಆರು ತಿಂಗಳಾಯಿತು. ಯಾರಿಗೂ ಹೇಳಿರಲಿಲ್ಲ.’

ನಮ್ಮ ಗುಂಪಿನಲ್ಲಿ ಇಂಥ ಮಾತು ಬಂದದ್ದು ನೋಡಿ ಅಕ್ಕನಿಗೆ ಆಶ್ಚರ್ಯ. ‘ನೀನಾ ಬರೆದದ್ದು?’ ಎಂದಳು. ಅವಳ ಹೆಸರಿನಲ್ಲಿ ಬರೆದೆನಲ್ಲ ಎಂದು ಬೈಯುತ್ತಾಳೆಂದುಕೊಂಡೆ. ಇಲ್ಲ.

ಫೆಬ್ರವರಿ 8, ಗುರುವಾರ

ಲಾರಿಯವನದು ಬಂದು ನಾಲ್ಕೈದು ದಿನವಾಯಿತು. ನಾವು ಕಳಿಸಿದ್ದರ ಮುಂದೆ ಒಂದೇ ಗೀಟು, ತಲುಪಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ದೂರದ ಲೋಡ್ ಇರಬಹುದು, ಸಿಗ್ನಲ್ ಇಲ್ಲದ ದಾರಿ ಇರಬಹುದು, ಫೋನು ನೀರಿಗೆ ಬಿದ್ದಿರಬಹುದು. ಇವನ್ನೆಲ್ಲ ಅಕ್ಕನಿಗೆ ಹೇಳಿದೆ. ‘ಬರುತ್ತಂತೆ’ ಎಂದು ಮಾತ್ರ ಹೇಳಲಿಲ್ಲ.

ಅವನ ಹೆಸರು ಏನೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ.

ಅಕ್ಕ ಆದರೂ ಕತ್ತರಿ ಕೆಳಗಿಟ್ಟಳು. ಕೈ ಚಾಚಿದಳು.

ಫೆಬ್ರವರಿ 11, ಭಾನುವಾರ

ಬೆಳಿಗ್ಗೆ ಅಕ್ಕ, ಬಾಗಿಲ ಬಳಿ ಇಟ್ಟಿದ್ದ ಗಿರಾಕಿಯ ಕೋಟೊಂದರ ತೋಳು ಬಿಚ್ಚಿ ಕೈಯಲ್ಲೇ ಮತ್ತೆ ಹೊಲಿದಳು. ಮಧ್ಯಾಹ್ನ ನನ್ನನ್ನು ಕರೆದದ್ದು ಲೋಟದಿಂದಲ್ಲ, ‘ಏಯ್’ ಎಂದು. ಒಡಕು ದನಿ, ಆದರೂ ಅಡಿಗೆಮನೆಯವರೆಗೆ ಬಂತು.

‘ಇವತ್ತು ಗುಂಪಿಗೆ ನಾನೇ ಹಾಕ್ತೀನಿ. ನೀನು ಫೋನ್ ಹಿಡಿ ಸಾಕು.’

‘ಯಾವುದನ್ನ?’

‘ಹಿಡಿ ಅಂದೆನಲ್ಲ.’

ಕತ್ತರಿಯ ಠಣ್. ಆಮೇಲೆ ಲಾಲಿಹಾಡಿನ ಮೊದಲ ಸಾಲು, ಪದಗಳಿಲ್ಲದೆ. ಅಮ್ಮ ನನ್ನನ್ನು ಮಲಗಿಸಲು ಹಾಡುತ್ತಿದ್ದುದು, ಆಮೇಲೆ ಅಕ್ಕ ಹಾಡುತ್ತಿದ್ದುದು. ಎರಡು ಸ್ವರಕ್ಕೆ ದನಿ ಸಿಕ್ಕಿತು. ಮೂರನೆಯದರಲ್ಲಿ ಬರೀ ಗಾಳಿ. ಅವಳು ನಿಲ್ಲಿಸಲಿಲ್ಲ. ಗಾಳಿಯನ್ನೇ ಆ ಸ್ವರದಷ್ಟು ಹೊತ್ತು ಹಿಡಿದು, ನಾಲ್ಕನೆಯದಕ್ಕೆ ಇಳಿದಳು. ಅದು ಸಿಕ್ಕಿತು. ಅಷ್ಟಕ್ಕೇ ಮುಗಿಸಿದಳು. ಕೆಳಗೆ ತಾನೇ ಬರೆದಳು: ‘ಆಪರೇಷನ್ ಆಗಿದೆ. ಈಗ ನನ್ನ ದನಿ ಇಷ್ಟೇ.’

ಸಂಜೆಯಾಯಿತು. ಹೆಚ್ಚುಕಡಿಮೆ ಎಲ್ಲರೂ ತೆರೆದು ನೋಡಿರುವುದು ಕಾಣುತ್ತಿದೆ. ಒಂದು ಹೃದಯವೂ ಬಂದಿಲ್ಲ. ಬೇಕರಿಯಾಕೆ ಏನೋ ಟೈಪ್ ಮಾಡುತ್ತಾಳೆ, ಅಳಿಸುತ್ತಾಳೆ, ಮತ್ತೆ ಮಾಡುತ್ತಾಳೆ. ಮೇಷ್ಟ್ರೂ ಹಾಗೆಯೇ. ‘ಯಾರೂ ಏನೂ ಹೇಳ್ತಿಲ್ಲವಲ್ಲೇ’ ಎಂದೆ. ‘ಈಗ ಕೇಳ್ತಾ ಇದಾರೆ ಕಣೋ, ಸುಮ್ನಿರು’ ಎಂದಳು ಅಕ್ಕ. ಅವಳ ಮುಖ ನೆಮ್ಮದಿಯಾಗಿತ್ತು. ಆದರೂ ಕಣ್ಣು ಮಾತ್ರ ಲಾರಿಯವನೊಬ್ಬನನ್ನೇ ಹುಡುಕುತ್ತಿತ್ತು. ನೋಡಿದವರ ಪಟ್ಟಿಯಲ್ಲಿ ಅವನಿಲ್ಲ.

ನನಗೆ ಎಂಥದೋ ಆಯಾಸ, ಆದರೆ ಮಲಗಬೇಕೆನ್ನಿಸುವ ಆಯಾಸವಲ್ಲ. ಅವಳು ಯಂತ್ರದ ಮೇಲಿನ ಬಟ್ಟೆ ಸರಿಸಿ ಇನ್ನೊಂದು ತೋಳಿಗೆ ಕೂತಿದ್ದಾಳೆ. ನಾನು ಅವಳ ಫೋನನ್ನು ಮಡಿಲಲ್ಲಿಟ್ಟುಕೊಂಡು ಆ ಮೂರನೆಯ ಸ್ವರದ ಜಾಗವನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಅಲ್ಲಿ ಒಬ್ಬರಿಗೆ ಜಾಗವಿದೆ. ಅವಳು ಬೇಕೆಂದೇ ಬಿಟ್ಟ ಹಾಗಿದೆ.

ಲಾರಿಯವರೇ, ಎಲ್ಲಾದರೂ ರಸ್ತೆಬದಿಗೆ ನಿಲ್ಲಿಸಿದ್ದೀರಿ ತಾನೇ? ಕಿಟಕಿ ಏರಿಸಿಕೊಂಡಿರಾ?